ಬೂಷ್ಟು ಹಿಡಿದ ಸೋರೆಬುರುಡೆಯನ್ನು ಎಸೆಯಬೇಕೆ?

ಪ್ರಶ್ನೆ: ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಬೊಂಬೆಗಳನ್ನು ಮಾಡೋಣವೆಂದು ಹಿತ್ತಿಲಲ್ಲಿ ಬೆಳೆದ ಆರು ಪುಟ್ಟ ಸೋರೆಕಾಯಿಗಳನ್ನು ಒಣಗಲು ಇಟ್ಟಿದ್ದೇನೆ. ಮೂರೇ ವಾರದಲ್ಲಿ ಅವುಗಳ ಮೈತುಂಬ ಕಪ್ಪು ಬೂಷ್ಟು ಬಂದಿದೆ. ಕೊಳೆತುಹೋಗಿವೆ, ಎಸೆದುಬಿಡು ಎಂದು ಮನೆಯವರು ಹೇಳುತ್ತಿದ್ದಾರೆ. ತೂತು ಕೊರೆದು ಒಳಗಿನ ನೀರು ಬಸಿದು, ಓವನ್‌ನಲ್ಲಿ ಒಣಗಿಸಿದರೆ ಉಳಿಸಿಕೊಳ್ಳಬಹುದೇ?

ಉತ್ತರ: ಎಸೆಯಬೇಡಿ. ತೂತು ಕೊರೆಯಬೇಡಿ. ಓವನ್‌ನ ಹತ್ತಿರಕ್ಕೂ ಒಯ್ಯಬೇಡಿ. ಆರೂ ಕಾಯಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಬುಡವನ್ನೂ ತೊಟ್ಟಿನ ಸುತ್ತಲಿನ ಭಾಗವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅವು ಒಣಗುತ್ತಿವೆ ಎಂದು ತಿಳಿಯಿರಿ. ಒತ್ತಿದ ಜಾಗ ಒಳಕ್ಕೆ ಕುಸಿದರೆ, ನೀರು ಜಿನುಗಿದರೆ ಅಥವಾ ಕೊಳೆತ ವಾಸನೆ ಬಂದರೆ ಆ ಒಂದನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಿ. ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಯಾವ ಬಣ್ಣ, ಯಾವ ಕುಂಚ ಎಂದು ಕೇಳುವವರಿಗಿಂತ ಬೂಷ್ಟಿನ ಬಗ್ಗೆ ಕೇಳುವವರೇ ಪ್ರತಿ ವರ್ಷವೂ ಹೆಚ್ಚು. ಎಷ್ಟು ಸಲ ಹೇಳಿದರೂ ಒಳ್ಳೊಳ್ಳೆಯ ಬುರುಡೆಗಳು ತಿಪ್ಪೆ ಸೇರುವುದು ನಿಂತಿಲ್ಲ. ಆದ್ದರಿಂದ ಈ ಸಲ ಕಾರಣಸಮೇತ ಬರೆಯುತ್ತಿದ್ದೇನೆ.

ಬೂಷ್ಟು ಬಂದರೆ ಪದಾರ್ಥ ಕೆಟ್ಟಿತು ಎಂಬುದು ಅಡುಗೆಮನೆಯಲ್ಲಿ ಕಲಿತ ಪಾಠ. ಬ್ರೆಡ್ಡು, ಕೊಬ್ಬರಿ, ಉಪ್ಪಿನಕಾಯಿಗಳ ಮಟ್ಟಿಗೆ ಆ ಪಾಠ ಸರಿಯೇ, ಏಕೆಂದರೆ ಅಲ್ಲಿ ಬೂಷ್ಟು ತಿನ್ನುತ್ತಿರುವುದು ನಾವು ತಿನ್ನಬೇಕಾದ ಭಾಗವನ್ನೇ. ಬಲಿತ ಸೋರೆಕಾಯಿಯ ರಚನೆ ಬೇರೆ. ಅದರ ಹೊರಗೆ ಮೇಣ ಸವರಿದಂತೆ ಹೊಳೆಯುವ ತೆಳುವಾದ ಹಸಿರು ಪೊರೆಯಿದೆ, ಅದರ ಕೆಳಗೆ ಬುರುಡೆಯಾಗುವ ಗಟ್ಟಿ ಪದರವಿದೆ, ಒಳಗೆ ತಿರುಳೂ ಬೀಜವೂ ಇವೆ. ಕಾಯಿ ಬಲಿಯುತ್ತಿದ್ದಂತೆ ನಡುವಿನ ಪದರದ ಜೀವಕೋಶಗಳ ಗೋಡೆಗಳಲ್ಲಿ ಲಿಗ್ನಿನ್ ಎಂಬ ವಸ್ತು ತುಂಬಿಕೊಳ್ಳುತ್ತದೆ. ಮರಕ್ಕೆ ಮರದ ಗಟ್ಟಿತನ ಬರುವುದೂ ಇದರಿಂದಲೇ. ಲಿಗ್ನಿನ್ ತುಂಬಿದ ಪದರ ಸಾಮಾನ್ಯ ಬೂಷ್ಟಿಗೆ ಸುಲಭದ ಆಹಾರವಲ್ಲ; ಹೀಗಾಗಿ ಅದು ಹೊರಗಿನ ತೆಳುಪೊರೆಯನ್ನು ತಿನ್ನುತ್ತದೆ. ಆ ಪೊರೆಯನ್ನು ಬಣ್ಣ ಹಚ್ಚುವ ಮೊದಲು ನಾವೇ ಕೆರೆದು ತೆಗೆಯಬೇಕಾಗಿತ್ತು. ನಿಮ್ಮ ಕಾಯಿಗಳ ಮೇಲಿನ ಕಪ್ಪು ಬೂಷ್ಟು ಆ ಕೆಲಸದ ಒಂದು ಪಾಲನ್ನು ಈಗಾಗಲೇ ಮಾಡಿ ಮುಗಿಸಿದೆ.

ಬೂಷ್ಟು ಬರುವುದಾದರೂ ಏಕೆ? ಹೊಸದಾಗಿ ಕೊಯ್ದ ಕಾಯಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುತ್ತದೆ. ಆ ನೀರು ಬುರುಡೆಯ ಗೋಡೆಯ ಮೂಲಕವೂ ತೊಟ್ಟಿನ ಮೂಲಕವೂ ನಿಧಾನವಾಗಿ ಹೊರಬಂದು ಆವಿಯಾಗಬೇಕು. ಆಗುವವರೆಗೆ ಮೈ ವಾರಗಟ್ಟಲೆ ತೇವವಾಗಿರುತ್ತದೆ, ತೇವ ನಿಂತಲ್ಲಿ ಬೂಷ್ಟು ಬರುತ್ತದೆ. ನಂಬಿಕೆ ಬಾರದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಕಾಯಿಯನ್ನು ತೂಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೈ ಎಷ್ಟೇ ಕಪ್ಪಾಗಿ ಕಂಡರೂ ತೂಕ ವಾರದಿಂದ ವಾರಕ್ಕೆ ಇಳಿಯುತ್ತಾ ಹೋಗುತ್ತದೆ, ಕೊನೆಗೆ ಒಂದು ಹಂತದಲ್ಲಿ ನಿಂತುಬಿಡುತ್ತದೆ. ಅಲುಗಾಡಿಸಿದಾಗ ಬೀಜಗಳ ಸದ್ದು ಕೇಳಿಸುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಆಗ ಒಣಗಿತು ಎಂದರ್ಥ.

ಈ ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಮನೆಮದ್ದುಗಳು ಬೂಷ್ಟಿಗಿಂತ ಹೆಚ್ಚು ಕಾಯಿಗಳನ್ನು ಹಾಳುಮಾಡಿವೆ. ತೂತು ಕೊರೆದರೆ ನೀರು ಬೇಗ ಹೋಗುತ್ತದೆ ಎಂಬುದು ಮೊದಲನೆಯದು. ಒಳಗಿರುವ ನೀರು ಕೊಡದಲ್ಲಿ ತುಂಬಿಟ್ಟಂತೆ ಇರುವುದಿಲ್ಲ, ಸ್ಪಂಜಿನಂತಹ ತಿರುಳಿನಲ್ಲಿ ಹಿಡಿದುಕೊಂಡಿರುತ್ತದೆ. ಆದ್ದರಿಂದ ತೂತಿನಿಂದ ಬಸಿಯುವ ನೀರು ನಾಲ್ಕು ಹನಿ. ಅದೇ ತೂತಿನಿಂದ ಒಳಹೊಕ್ಕುವ ಬೂಷ್ಟಿಗೂ ಬ್ಯಾಕ್ಟೀರಿಯಾಗಳಿಗೂ ಹಣ್ಣುನೊಣದ ಮರಿಗಳಿಗೂ ಹಸಿ ತಿರುಳು ಹಬ್ಬದೂಟವಾಗುತ್ತದೆ. ಹೊರಮೈಗೆ ಸೀಮಿತವಾಗಿದ್ದ, ಬುರುಡೆಗೆ ಅಪಾಯವಿಲ್ಲದ ಬೂಷ್ಟನ್ನು ನಾವೇ ಕೈಹಿಡಿದು ಒಳಗೆ ಕರೆದುಕೊಂಡಂತಾಯಿತು. ಓವನ್‌ನ ಬಿಸಿಗೆ ಒಳಗಿನ ನೀರು ಗೋಡೆಯನ್ನು ದಾಟಿ ಹೋಗುವ ವೇಗವನ್ನು ಮೀರಿ ಆವಿಯಾಗುತ್ತದೆ. ತಿರುಳು ಬೇಯುತ್ತದೆ, ಬುರುಡೆ ಸೊಟ್ಟಗಾಗುತ್ತದೆ ಇಲ್ಲವೇ ಸೀಳುತ್ತದೆ. ಇನ್ನು ಹಸಿ ಕಾಯಿಗೇ ವಾರ್ನಿಷ್ ಬಳಿದು ಬೂಷ್ಟನ್ನು ತಡೆಯುವವರಿದ್ದಾರೆ. ನೀರಿಗಿರುವ ದಾರಿಯನ್ನೇ ಮುಚ್ಚಿದ ಮೇಲೆ ಕಾಯಿ ಕೊಳೆಯದೆ ಮತ್ತೇನು ಮಾಡೀತು? ಅದು ಕೊಳೆತಾಗ, ನೋಡಿ, ಬೂಷ್ಟು ಬಂದರೆ ಹೀಗೇ ಆಗುತ್ತದೆ ಎನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ಹಿರಿಯರ ಸೋರೆಬುರುಡೆಗಳಿಗೆ ಬೂಷ್ಟು ಬರುತ್ತಿರಲಿಲ್ಲವಲ್ಲ ಎಂಬ ಆಕ್ಷೇಪಣೆಗೂ ಉತ್ತರವಿದೆ. ಬೀಜಕ್ಕೆಂದು ಬಿಟ್ಟ ಕಾಯಿಯನ್ನು ಅವರು ಬಳ್ಳಿ ಒಣಗುವವರೆಗೂ ಕೊಯ್ಯುತ್ತಿರಲಿಲ್ಲ. ಕೊಯ್ದ ಮೇಲೆ ಸೌದೆ ಒಲೆಯ ಹೊಗೆ ತಾಗುವಂತೆ ಅಡುಗೆಮನೆಯ ಅಟ್ಟದಲ್ಲೋ ಸೂರಿನ ಗಳದಲ್ಲೋ ತೂಗುಹಾಕುತ್ತಿದ್ದರು. ಹೊಗೆಯೂ ಒಣಹವೆಯೂ ಬೂಷ್ಟನ್ನು ತಡೆಯುತ್ತಿದ್ದವು. ಗ್ಯಾಸ್ ಒಲೆಯ ಮನೆಗಳಲ್ಲಿ ಆ ಅನುಕೂಲವಿಲ್ಲ. ಆದರೂ ಅವರ ವಿಧಾನದ ತಿರುಳು, ಅಂದರೆ ನೆರಳು, ಗಾಳಿ ಮತ್ತು ತಾಳ್ಮೆ, ಇಂದಿಗೂ ನಮ್ಮ ಕೈಯಲ್ಲೇ ಇದೆ. ಕಾಯಿಗಳು ಒಂದಕ್ಕೊಂದು ತಾಗದಂತೆ ಬಿದಿರಿನ ತಟ್ಟೆಯ ಮೇಲೆ ಹರಡಿ, ವಾರಕ್ಕೆರಡು ಸಲ ಮಗ್ಗುಲು ಬದಲಿಸಿ. ಬೂಷ್ಟು ದಪ್ಪಗಾದರೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಗಾಳಿಗೆ ಇಡಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕಬಾರದು.

ನಿಜವಾಗಿ ಕೊಳೆಯುವ ಕಾಯಿಗಳಲ್ಲಿ ಬಹುಪಾಲು ಎಳೆಯದರಲ್ಲಿ ಕೊಯ್ದವು. ಪಲ್ಯಕ್ಕೆಂದು ಮಾರುಕಟ್ಟೆಯಿಂದ ತಂದ ಸೋರೆಕಾಯಿಯನ್ನು ಒಣಗಿಸಬಹುದೇ ಎಂದು ಕೇಳುವವರಿಗೆ ಇದೇ ಉತ್ತರ: ಉಗುರು ಊರಿದರೆ ಒಳಗಿಳಿಯುವ ಕಾಯಿಯಲ್ಲಿ ಬುರುಡೆ ಇನ್ನೂ ಹುಟ್ಟಿಯೇ ಇಲ್ಲ, ಅದನ್ನು ಪಲ್ಯ ಮಾಡಿ. ತೊಟ್ಟು ಕಂದುಬಣ್ಣಕ್ಕೆ ತಿರುಗಿ ಒಣಗಿದ ಮೇಲೆ, ಎರಡು ಅಂಗುಲ ತೊಟ್ಟನ್ನು ಉಳಿಸಿಕೊಂಡೇ ಕಾಯಿಯನ್ನು ಕತ್ತರಿಸಬೇಕು. ಭೀಮಾ ತೀರದ ಪಂಢರಪುರದ ಸುತ್ತಮುತ್ತ ಬೆಳೆದು ಮೀರಜಿಗೆ ಹೋಗಿ ತಂಬೂರಿಯಾಗುವ ದೊಡ್ಡ ಸೋರೆಗಳೂ ಬಲಿತು ಒಣಗಿದ ಮೇಲೆಯೇ ಕುಶಲಕರ್ಮಿಗಳ ಕೈ ಸೇರುತ್ತವೆ. ಗಾಯಕರ ಹೆಗಲಿಗೆ ಒರಗಿ ದಶಕಗಳ ಕಾಲ ನಾದ ಕೊಡಬಲ್ಲ ವಸ್ತು ನಿಮ್ಮ ಕ್ರಿಸ್ಮಸ್ ಮರದ ಮೇಲೆ ಹತ್ತಿಪ್ಪತ್ತು ವರ್ಷ ಇರಲಾರದೇ?

ಹೀಗಾಗಿ ಕಾಲದ ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ಬೀಜ ಬಿತ್ತಿದ ದಿನದಿಂದ ಕಾಯಿ ಬಲಿಯಲು ಸುಮಾರು ನಾಲ್ಕು ತಿಂಗಳು, ಮುಷ್ಟಿಗಾತ್ರದ ಕಾಯಿ ಒಣಗಲು ಒಂದರಿಂದ ಮೂರು ತಿಂಗಳು, ಕೊಡದ ಗಾತ್ರದ್ದಾದರೆ ಆರು ತಿಂಗಳಿಗೂ ಹೆಚ್ಚು ಬೇಕು. ಮುಂಗಾರಿನಲ್ಲಿ ಬಿತ್ತಿದ ಬಳ್ಳಿಯ ಹಲವು ಕಾಯಿಗಳು ಒಣಗುವ ಹೊತ್ತಿಗೆ ಆ ವರ್ಷದ ಕ್ರಿಸ್ಮಸ್ ದಾಟಿಹೋಗಿರಬಹುದು. ಅಂತಹವು ಮುಂದಿನ ವರ್ಷದವು. ನಿಮ್ಮ ಆರು ಕಾಯಿಗಳಲ್ಲಿ ಮೂರೋ ನಾಲ್ಕೋ ಮಾತ್ರ ಡಿಸೆಂಬರಿಗೆ ಸಿದ್ಧವಾದರೆ ಉಳಿದವನ್ನು ಅವಸರಪಡಿಸಬೇಡಿ.

ಒಣಗಿದ ಬುರುಡೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿದರೆ ಅದು ತೇಲುತ್ತದೆ. ನಮ್ಮ ಹಳ್ಳಿಯ ಮಕ್ಕಳು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದುದು ಈ ಗುಣವನ್ನು ನಂಬಿಯೇ. ಆದ್ದರಿಂದ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಅರ್ಧ ಗಂಟೆ ಬಿಟ್ಟು, ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ತಿಕ್ಕಿ. ಬೂಷ್ಟೂ ಹೊರಪೊರೆಯೂ ಒಟ್ಟಿಗೇ ಸುಲಿದು ಬರುತ್ತವೆ. ಕೆಳಗೆ ಕಾಣುವ ಬುರುಡೆಯ ಮೇಲೆ ಕಂದು, ಜೇನು, ಕೆನೆ ಬಣ್ಣಗಳ ಮೋಡದಂತಹ ಕಲೆಗಳು ಇರುತ್ತವೆ. ಇವೂ ಬೂಷ್ಟಿನದೇ ಕೆಲಸ. ಕೆಲವು ಕಲಾವಿದರು ಈ ಕಲೆಗಳಿಗಾಗಿಯೇ ಬುರುಡೆಗಳನ್ನು ಆರಿಸುತ್ತಾರೆ, ಬಣ್ಣವನ್ನೇ ಹಚ್ಚದೆ ಮೇಣದ ಪಾಲಿಷ್ ಮಾತ್ರ ಕೊಡುತ್ತಾರೆ. ಒಂದು ದಿನ ನೆರಳಲ್ಲಿ ಒಣಗಿಸಿ, ನಯವಾದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದ ಮೇಲೆ ಬುರುಡೆ ನಿಮ್ಮ ಕುಂಚಕ್ಕೆ ಸಿದ್ಧ.

ಆಕಾರವನ್ನು ಕಾಯಿಯೇ ಸೂಚಿಸುತ್ತದೆ. ಕಮಂಡಲದಂತೆ ನಡು ಸಣ್ಣಗಿರುವ ಕಾಯಿಯನ್ನು ತೊಟ್ಟು ಮೇಲಾಗಿ ಹಿಡಿದರೆ ಹಿಮಮಾನವನ ತಲೆಯೂ ಹೊಟ್ಟೆಯೂ ಆಗಲೇ ಇವೆ. ಬಾಗಿದ ತೊಟ್ಟು ಸಾಂತಾ ಟೋಪಿಯ ತುದಿಯಾಗುತ್ತದೆ. ಉದ್ದ ಕತ್ತಿನದು ಹಂಸವಾಗುತ್ತದೆ. ಮೂಗು, ಗಡ್ಡ, ರೆಕ್ಕೆಗಳನ್ನು ಉಬ್ಬಿಸಲು ಜೇಡಿಮಣ್ಣು ಬಳಸಬೇಡಿ. ಮಣ್ಣು ಒಣಗುವಾಗ ಕುಗ್ಗುತ್ತದೆ, ಬುರುಡೆ ಕುಗ್ಗುವುದಿಲ್ಲ, ಆದ್ದರಿಂದ ಕೆಲವೇ ದಿನಗಳಲ್ಲಿ ಅದು ಕಳಚಿ ಬೀಳುತ್ತದೆ. ಪೈಪಿನ ಸೋರಿಕೆಗೆ ಬಳಸುವ ಎಂ-ಸೀಲ್‌ನಂತಹ ಎಪಾಕ್ಸಿ ಅಂಟಿನ ಹಿಟ್ಟು ಬಹುಮಟ್ಟಿಗೆ ಕುಗ್ಗದೆ ಗಟ್ಟಿಯಾಗುತ್ತದೆ. ಅದರ ಎರಡು ಭಾಗಗಳನ್ನು ಒಂದೇ ಬಣ್ಣ ಬರುವವರೆಗೆ ಕೈಗವಸು ಹಾಕಿಕೊಂಡು ನಾದಿ, ಬುರುಡೆಯ ಆ ಜಾಗವನ್ನು ಉಜ್ಜಿ ಒರಟಾಗಿಸಿ ಅಂಟಿಸಿ, ನೀರು ತಾಗಿಸಿದ ಬೆರಳಿನಿಂದ ನಯಗೊಳಿಸಿ. ಇದು ಬೇಗ ಬಿಗಿಯುವುದರಿಂದ ಒಂದು ಬಾರಿಗೆ ಒಂದು ಮೂಗಿಗಾಗುವಷ್ಟನ್ನೇ ಕಲಸಿ. ತೂಗುಹಾಕುವ ತಾಮ್ರದ ತಂತಿಯನ್ನು ತೊಟ್ಟಿನ ಬಳಿ ಮೊದಲೇ ಬಿಗಿದಿರಬೇಕು, ಹಿಟ್ಟು ಇನ್ನೂ ಮೆತ್ತಗಿರುವಾಗಲೇ ಬೊಂಬೆಯನ್ನು ಒಮ್ಮೆ ತೂಗಿ ನೋಡಬೇಕು. ಗಡ್ಡದ ಭಾರಕ್ಕೆ ಸಾಂತಾ ಮುಂದಕ್ಕೆ ವಾಲಿದರೆ ಹಿಂಬದಿಯಲ್ಲಿ ಟೋಪಿಯ ಅಂಚನ್ನು ದಪ್ಪ ಮಾಡಿ ಸರಿದೂಗಿಸಬಹುದು. ಗಟ್ಟಿಯಾದ ಮೇಲೆ ಏನೂ ಮಾಡಲಾಗದು. ಬಿಳಿ ಬಣ್ಣಕ್ಕೆ ಕೆಳಗೆ ಪ್ರೈಮರ್ ಬೇಕೇ ಬೇಕು, ಇಲ್ಲದಿದ್ದರೆ ಬುರುಡೆಯ ಕಂದು ಇಣುಕಿ ಹಿಮಮಾನವ ಮಣ್ಣಿನಲ್ಲಿ ಹೊರಳಿದಂತೆ ಕಾಣುತ್ತಾನೆ. ಅದರ ಮೇಲೆ ಅಕ್ರಿಲಿಕ್ ಬಣ್ಣದ ಎರಡು ತೆಳು ಲೇಪ, ಕೊನೆಗೆ ವಾರ್ನಿಷ್.

ಬಣ್ಣ ಬೇಡವೆನ್ನುವವರು ಪೆರು ದೇಶದ ಹುವಾಂಕಾಯೊ ನಗರದ ಬಳಿಯಿರುವ ಕೋಚಾಸ್ ಚೀಕೊ ಮತ್ತು ಕೋಚಾಸ್ ಗ್ರಾಂದೆ ಊರುಗಳ ಕೆಲಸವನ್ನು ನೋಡಬೇಕು. ಅಲ್ಲಿನ ಕುಟುಂಬಗಳು ಸಣ್ಣ ಉಳಿಯಿಂದ ಬುರುಡೆಯ ಮೇಲೆ ಕೂದಲೆಳೆಯ ಗೆರೆಗಳನ್ನು ಕೊರೆದು, ಕೆಂಡವಾದ ಕಡ್ಡಿಯ ತುದಿ ತಾಗಿಸಿ ತಿಳಿಗಂದಿನಿಂದ ಕಪ್ಪಿನವರೆಗೆ ಛಾಯೆಗಳನ್ನು ತರುತ್ತಾರೆ. ಬುರುಡೆಗೆ ಕಿಟಕಿ ಕತ್ತರಿಸಿ ಒಳಗೆ ಬಾಲಯೇಸು, ಮರಿಯಾ, ಜೋಸೆಫರ ಪುಟ್ಟ ಗೋದಲಿಯನ್ನು ಕೂರಿಸಿದ ಅವರ ಕ್ರಿಸ್ಮಸ್ ಬುರುಡೆಗಳು ದೇಶವಿದೇಶಗಳಿಗೆ ಹೋಗುತ್ತವೆ. ಆ ದೇಶದ ಕರಾವಳಿಯ ಹುವಾಕಾ ಪ್ರಿಯೆಟಾದಲ್ಲಿ 1946-47ರಲ್ಲಿ ನಡೆದ ಉತ್ಖನನದಲ್ಲಿ ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ಕೆತ್ತನೆಯ ಸೋರೆಬುರುಡೆಗಳು ಸಿಕ್ಕಿವೆ. ಒಣಗಿದ ಬುರುಡೆಯ ಬಾಳಿಕೆಗೆ ನಾನು ಬೇರೆ ಸಾಕ್ಷಿ ಕೊಡಬೇಕಾಗಿಲ್ಲ. ಮಂಗಳೂರಿನ ಕಡೆಯ ಓದುಗರು ತಮ್ಮ ಮನೆಯ ಗೋದಲಿಗೆ ಇಂತಹದೊಂದನ್ನು ಮಾಡಿ ನೋಡಲಿ ಎಂಬುದು ನನ್ನ ಬಹುದಿನದ ಆಸೆ. ಬುರುಡೆ ಕತ್ತರಿಸುವಾಗ ಏಳುವ ಒಣತಿರುಳಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಆಗಲೂ ಮಾಸ್ಕ್ ಇರಲಿ.

ಕತ್ತರಿಸಿದಾಗ ಕೈಗೆ ಬರುವ ಬೀಜಗಳ ವಿಷಯವನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಾಗಿತ್ತು. ಓವನ್ ಕಾಣದ ಬುರುಡೆಯ ಬೀಜ ಮೊಳೆಯುತ್ತದೆ, ಬಿತ್ತಬಹುದು. ಆದರೆ ಸೋರೆಯ ಬಿಳಿ ಹೂಗಳು ಸಂಜೆ ಅರಳುತ್ತವೆ, ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ, ಪತಂಗಗಳೂ ಜೇನುಗಳೂ ಪರಾಗವನ್ನು ಬಳ್ಳಿಯಿಂದ ಬಳ್ಳಿಗೆ ಒಯ್ಯುತ್ತವೆ. ಪಕ್ಕದ ಹಿತ್ತಿಲಲ್ಲಿ ಪಲ್ಯದ ಸೋರೆಯಿದ್ದರೆ ಮುಂದಿನ ವರ್ಷ ನಿಮಗೆ ಕಮಂಡಲವೂ ಅಲ್ಲದ, ಉದ್ದ ಸೋರೆಯೂ ಅಲ್ಲದ ಕಾಯಿ ಸಿಗಬಹುದು. ಅದೇ ಆಕಾರ ಬೇಕೆಂದರೆ ಮರುದಿನ ಅರಳಲಿರುವ ಹೆಣ್ಣು ಮೊಗ್ಗನ್ನೂ ಗಂಡು ಮೊಗ್ಗನ್ನೂ ನೂಲಿನಿಂದ ಕಟ್ಟಿ, ಮಾರನೆಯ ಸಂಜೆ ನೀವೇ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ.

ಆಕಾರ ಕೆಟ್ಟರೆ ಬೊಂಬೆ ಕೆಡುತ್ತದೆ, ಅಷ್ಟೇ. ನನಗೆ ಆತಂಕವಿರುವುದು ಇಂತಹ ಬಳ್ಳಿಯ ಎಳೆಗಾಯಿಯನ್ನು ಸಾರಿಗೆ ಹಾಕುವವರ ಬಗ್ಗೆ. ಬುರುಡೆಗಾಗಿ ಬೆಳೆಸುವ ತಳಿಗಳಲ್ಲಿ ಕಹಿ ಕಾಯಿಗಳು ಸಾಮಾನ್ಯ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ, ಕರುಳಿನ ರಕ್ತಸ್ರಾವದವರೆಗೂ ಒಯ್ಯಬಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು 2012ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಕಹಿ ಸೋರೆಯ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿದ್ದಾರೆ. ಕೊಯ್ದ ಎಳೆಗಾಯಿಯ ತುದಿಯಿಂದ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯೆನಿಸಿದರೆ ತಕ್ಷಣ ಉಗುಳಿ, ಆ ಬಳ್ಳಿಯ ಯಾವ ಕಾಯಿಯನ್ನೂ ಅಡುಗೆಗೆ ತೆಗೆದುಕೊಳ್ಳದೆ ಬುರುಡೆಗೆ ಬಿಟ್ಟುಬಿಡಿ.