ಮೂವತ್ತೆರಡು ಸಾವಿರದ ಮೆಟ್ಟಿಲು

1998ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಆರಂಭವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಕಾರ್ಯಕ್ರಮವನ್ನು ಗಮನವಿಟ್ಟು ನೋಡಿದರೆ, ಪ್ರಶ್ನೆಗಳಿಗಿಂತ ಬಹುಮಾನದ ಏಣಿಯನ್ನೇ ಹೆಚ್ಚು ಜಾಣ್ಮೆಯಿಂದ ಕಟ್ಟಲಾಗಿತ್ತು ಎನ್ನಿಸುತ್ತದೆ. 100 ಪೌಂಡಿನಿಂದ ಹೊರಟು, ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ, 15ನೆಯ ಪ್ರಶ್ನೆಗೆ 10 ಲಕ್ಷ ಮುಟ್ಟುವ ಈ ಏಣಿಯಲ್ಲಿ 1,000 ಮತ್ತು 32,000 ಪೌಂಡಿನ ಮೆಟ್ಟಿಲುಗಳು ಭದ್ರವಾಗಿದ್ದವು. ಅವನ್ನು ದಾಟಿದ ಮೇಲೆ ತಪ್ಪು ಉತ್ತರ ಕೊಟ್ಟವರು ಅಲ್ಲಿಗೇ ಬಂದು ನಿಲ್ಲುತ್ತಿದ್ದರು; ಉತ್ತರಿಸದೆ, ಅದುವರೆಗೆ ಗೆದ್ದದ್ದನ್ನು ಹಿಡಿದು ಎದ್ದುಹೋಗಲೂಬಹುದಿತ್ತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯನ್ನು ನೋಡಿದವರಿಗೆ ಇದು ಅಪರಿಚಿತವೇನಲ್ಲ.

ಬ್ರಿಟನ್ನಿನ ಆ ಮೊದಲ ಏಣಿಯ ಲೆಕ್ಕವನ್ನೇ ಹಾಕಿ ನೋಡೋಣ. 32,000 ಗೆದ್ದವರು 64,000ದ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ಅದರ ಮುಂದಿನ ಪ್ರಶ್ನೆಯಲ್ಲಿ 32,000 ಕಳೆಯುವ ಭಯಕ್ಕೆ ಎದುರಾಗಿ 61,000 ಗಳಿಸುವ ಆಸೆಯಿರುವುದರಿಂದ, ಉತ್ತರ ಸರಿಯಿರುವ ಸಂಭವ ಶೇ. 35ರಷ್ಟಿದ್ದರೂ ಆಡುವುದು ಲಾಭವೇ. ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಕಳೆಯುವುದು 4,68,000, ಗಳಿಸುವುದು 5 ಲಕ್ಷ. ಈಗ ಬೇಕಾದ ಸಂಭವ ಶೇ. 48ಕ್ಕಿಂತ ತುಸು ಹೆಚ್ಚು. ಅಂದರೆ, ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಅಳಿಸಿಹಾಕುವ ‘ಫಿಫ್ಟಿ-ಫಿಫ್ಟಿ’ಯೊಂದು ಕೈಯಲ್ಲಿ ಉಳಿದಿದ್ದರೆ, ಏನೂ ಗೊತ್ತಿಲ್ಲದವರು ಕೂಡ ಊಹಿಸಬಹುದು ಎನ್ನುತ್ತದೆ ಅಂಕಗಣಿತ.

ಆದರೆ ಐದು ಲಕ್ಷ ಪೌಂಡನ್ನು ಕೈಯಲ್ಲಿಟ್ಟುಕೊಂಡು ಹಾಗೆ ಚಿಮ್ಮುವ ನಾಣ್ಯಕ್ಕೆ ತಲೆಯೊಡ್ಡುವವರು ಯಾರು? 1738ರಲ್ಲಿ ಗಣಿತಜ್ಞ ಡೇನಿಯಲ್ ಬರ್ನೂಲಿ ಇದಕ್ಕೊಂದು ವಿವರಣೆ ಕೊಟ್ಟಿದ್ದ: ಇರುವ ಹಣ ಹೆಚ್ಚಿದಂತೆಲ್ಲ ಮೇಲೆ ಸೇರುವ ಒಂದೊಂದು ನಾಣ್ಯ ತರುವ ತೃಪ್ತಿ ಕಡಿಮೆಯಾಗುತ್ತದೆ. ಹಣ ಪ್ರತಿ ಸಲ ದುಪ್ಪಟ್ಟಾದಾಗಲೂ ತೃಪ್ತಿ ಅಷ್ಟಷ್ಟೇ ಹೆಚ್ಚುತ್ತದೆ ಎನ್ನುವ ಅವನ ಲಾಗರಿದಮ್ ಸೂತ್ರವನ್ನು, ಬೇರೆ ಉಳಿತಾಯವೇ ಇಲ್ಲದ ಸ್ಪರ್ಧಿಗೆ ಅನ್ವಯಿಸಿದರೆ, ಕೊನೆಯ ಪ್ರಶ್ನೆಗೆ ಬೇಕಾದ ಭರವಸೆ ಶೇ. 48ರಿಂದ ಸುಮಾರು ಶೇ. 80ಕ್ಕೆ ಏರುತ್ತದೆ. ಸಿರಿವಂತನಿಗೆ ಅಷ್ಟು ಬೇಕಿಲ್ಲ. ಒಂದೇ ಕುರ್ಚಿ, ಒಂದೇ ಪ್ರಶ್ನೆ, ಧೈರ್ಯ ಮಾತ್ರ ಮನೆಯಿಂದ ತಂದದ್ದು. ಭದ್ರ ಮೆಟ್ಟಿಲನ್ನು ಇನ್ನಷ್ಟು ಮೇಲೆ ಇಟ್ಟಿದ್ದರೆ ಊಹಿಸುವವರು ಹೆಚ್ಚುತ್ತಿದ್ದರು, ಕೆಳಗಿಟ್ಟಿದ್ದರೆ ಹಣ ಹಿಡಿದು ಮನೆಗೆ ಹೋಗುವವರು.

ಜ್ಞಾನದ ನೆಪವೂ ಇಲ್ಲದ ‘ಡೀಲ್ ಆರ್ ನೋ ಡೀಲ್’ ಸಂಶೋಧಕರಿಗೆ ಇನ್ನೂ ಇಷ್ಟವಾಯಿತು. ಅದರಲ್ಲಿ ಸ್ಪರ್ಧಿ ಮೊತ್ತ ಅಡಗಿರುವ ಮುಚ್ಚಿದ ಪೆಟ್ಟಿಗೆಯೊಂದನ್ನು ಆರಿಸಿಕೊಂಡು, ಉಳಿದವನ್ನು ಒಂದೊಂದಾಗಿ ತೆರೆಯುತ್ತ ಹೋಗುತ್ತಾನೆ; ನಡುನಡುವೆ ಆ ಪೆಟ್ಟಿಗೆಯನ್ನು ಕೊಳ್ಳಲು ‘ಬ್ಯಾಂಕರ್’ ಹಣ ಒಡ್ಡುತ್ತಾನೆ. ಡಚ್ ಆವೃತ್ತಿಯಲ್ಲಿ 26 ಪೆಟ್ಟಿಗೆಗಳು, ಒಂದು ಸೆಂಟಿನಿಂದ 50 ಲಕ್ಷ ಯೂರೋವರೆಗಿನ ಮೊತ್ತಗಳು. ಬ್ಯಾಂಕರ್ ಮೊದಮೊದಲು ಉಳಿದ ಮೊತ್ತಗಳ ಸರಾಸರಿಗಿಂತ ತೀರ ಕಡಿಮೆ ಹಣ ಒಡ್ಡುತ್ತಾನೆ, ಆಟ ಸಾಗಿದಂತೆ ಸರಾಸರಿಯ ಹತ್ತಿರ ಬರುತ್ತಾನೆ. ಹಾಗಿಲ್ಲದಿದ್ದರೆ ಹೆಚ್ಚಿನವರು ಬೇಗನೆ ಎದ್ದುಹೋಗಿ ಕಾರ್ಯಕ್ರಮವೇ ಮುಗಿದುಬಿಡುತ್ತಿತ್ತು. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಸೇರಿದಂತೆ ನಾಲ್ವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಮೊತ್ತಗಳ ಪೆಟ್ಟಿಗೆಗಳನ್ನು ತಾವೇ ತೆರೆದು ಆಸೆ ಮಣ್ಣುಪಾಲಾದವರು ಮುಂದೆ ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ ಎಂಬುದು ಕಂಡುಬಂತು. ಆಗಷ್ಟೇ ಲಕ್ಷಗಳು ತಪ್ಪಿಹೋದವರ ಕಣ್ಣಿಗೆ ಬ್ಯಾಂಕರ್ ಒಡ್ಡುವ ಸಾವಿರಗಳು ಚಿಲ್ಲರೆಯಂತೆ ಕಾಣುತ್ತವೆ.