ನನಗೆ ಕೆಮ್ಮೇ ಇರಲಿಲ್ಲ, ಮಾಸ್ಕ್ ಯಾಕೆ ಹಾಕಬೇಕಿತ್ತು?

ಪ್ರಶ್ನೆ: ಕೊರೊನಾ ಕಾಲ ಕಳೆದು ಇಷ್ಟು ದಿನವಾದರೂ ನಮ್ಮ ಮನೆಯಲ್ಲಿ ಈ ವಾದ ಮುಗಿದಿಲ್ಲ. ಆಗ ನನಗೆ ಜ್ವರ, ಕೆಮ್ಮು, ನೆಗಡಿ ಏನೂ ಇರಲಿಲ್ಲ. ಆದರೂ ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾಸ್ಕ್ ಹಾಕಲೇಬೇಕು ಅಂದರು, ದಂಡವನ್ನೂ ಕಟ್ಟಿಸಿಕೊಂಡರು. ಭಯ ಇರುವವರು ತಾವು ಹಾಕಿಕೊಂಡರೆ ಸಾಕಲ್ಲವೇ? ನನ್ನ ಮುಖ ನನ್ನಿಷ್ಟ. ಮುಂದೆ ಮತ್ತೆ ಅಂಥದೇ ಕಾಯಿಲೆ ಬಂದರೆ, ಮಾಸ್ಕ್ ಹಾಕಿಕೊಳ್ಳುವ ನೈತಿಕ ಹೊಣೆ ನಿಜವಾಗಿ ನನ್ನ ಮೇಲಿದೆಯೇ?

ಉತ್ತರ: ಇದೆ. ಒಂದೇ ಸೂರಿನ ಕೆಳಗೆ, ಕಿಟಕಿ ಅರ್ಧ ಮುಚ್ಚಿದ ಜಾಗದಲ್ಲಿ ಬೇರೆಯವರ ಜತೆ ಉಸಿರಾಡುವಾಗ ಖಂಡಿತ ಇದೆ. ಬಯಲಿನಲ್ಲಿ ಒಬ್ಬರೇ ನಡೆಯುವಾಗ ಇಲ್ಲ. ಇವೆರಡರ ನಡುವಿನ ಗೆರೆಯನ್ನು ನಮ್ಮ ಸರ್ಕಾರಗಳೂ ನ್ಯಾಯಾಲಯಗಳೂ ಸರಿಯಾಗಿ ಎಳೆಯದೇ ಹೋದದ್ದರಿಂದ ನಿಮ್ಮ ಸಿಟ್ಟಿಗೆ ಕಾರಣವಿದೆ. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಕಾರಿನಲ್ಲಿ ಒಬ್ಬರೇ ಕೂತಿದ್ದರೂ ಮಾಸ್ಕ್ ಕಡ್ಡಾಯ ಎಂದಿತು. 2022ರ ಫೆಬ್ರುವರಿಯಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ನಿಯಮ ಅಸಂಬದ್ಧವಲ್ಲವೇ, ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ದೆಹಲಿ ಸರ್ಕಾರವನ್ನೇ ಕೇಳಿತು. ಒಬ್ಬರೇ ಕೂತ ಕಾರಿಗೂ ತುಂಬಿದ ಬಸ್ಸಿಗೂ ಒಂದೇ ದಂಡ ಹಾಕಿದರೆ ಆ ದಂಡದ ಹಿಂದೆ ಏನೋ ತರ್ಕವಿದೆ ಎಂದು ಜನ ನಂಬುವುದು ಕಷ್ಟ. ಆದರೆ ಕಾರಿನ ಕಥೆ ತಪ್ಪಾಗಿತ್ತು ಎಂದಮಾತ್ರಕ್ಕೆ ಬಸ್ಸಿನ ಕಥೆಯೂ ತಪ್ಪಾಗುವುದಿಲ್ಲ.

ನಿಮ್ಮ ಮೊದಲ ಮಾತು, 'ನನಗೆ ಕೆಮ್ಮಿರಲಿಲ್ಲ' ಎಂಬುದು. 2003ರಲ್ಲಿ ಹಲವು ದೇಶಗಳಿಗೆ ಹರಡಿದ ಸಾರ್ಸ್ ಎಂಬ ಉಸಿರಾಟದ ಕಾಯಿಲೆಯ ಕಾಲದಲ್ಲಾಗಿದ್ದರೆ ಈ ಮಾತಿಗೆ ತೂಕವಿತ್ತು. ಸಾರ್ಸ್ ತಗುಲಿದವರು ಹಾಸಿಗೆ ಹಿಡಿದು ಎರಡನೇ ವಾರಕ್ಕೆ ಬಿದ್ದಾಗಲೇ ಅದನ್ನು ಹೆಚ್ಚು ಹರಡುತ್ತಿದ್ದದ್ದು. ಹಾಗಾಗಿ ಕಾಯಿಲೆಯವರನ್ನು ಪ್ರತ್ಯೇಕ ಇಟ್ಟು ಅದನ್ನು ಅಡಗಿಸಲು ಸಾಧ್ಯವಾಯಿತು. ಕೋವಿಡ್ ಹಾಗಲ್ಲ. ಮೈ ಬಿಸಿಯಾಗುವ, ಗಂಟಲು ಕೆರೆಯುವ ಸುಮಾರು ಎರಡು ದಿನ ಮೊದಲೇ ಅದು ನಮ್ಮ ಮಾತಿನ ಜತೆ, ಉಸಿರಿನ ಜತೆ ಹೊರಗೆ ಹೊರಟಿರುತ್ತದೆ. ಕೆಲವರಿಗೆ ಕೊನೆಯವರೆಗೂ ಯಾವ ಲಕ್ಷಣವೂ ಕಾಣುವುದಿಲ್ಲ. ಅಂದರೆ 'ನಾನು ಚೆನ್ನಾಗಿದ್ದೇನೆ' ಎಂದು ಯಾರಿಗೇ ಅನ್ನಿಸಲಿ, ಆ ಅನ್ನಿಸಿಕೆಯನ್ನು ನಂಬಿ ಪಕ್ಕದವರ ಜೀವ ಒತ್ತೆ ಇಡುವಂತಿರಲಿಲ್ಲ. ಇದು ಗೊತ್ತಾಗುವವರೆಗೆ ಆರೋಗ್ಯ ಸಂಸ್ಥೆಗಳೂ ನಿಮ್ಮಂತೆಯೇ ಮಾತಾಡುತ್ತಿದ್ದವು. 2020ರ ಮಾರ್ಚ್‌ನಲ್ಲಿ ಕಾಯಿಲೆ ಇಲ್ಲದವರಿಗೆ ಮಾಸ್ಕ್ ಬೇಡ ಎಂದರು. ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಮನೆಯಲ್ಲೇ ಹೊಲಿದ ಬಟ್ಟೆ ಮಾಸ್ಕ್ ಹಾಕಿಕೊಳ್ಳಿ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಜನಸಾಮಾನ್ಯರಿಗೂ ಮಾಸ್ಕ್ ಎಂದು ಹೇಳಿದ್ದು ಜೂನ್ 5ಕ್ಕೆ. ಆಸ್ಪತ್ರೆಯವರಿಗೇ ಮಾಸ್ಕ್ ಸಾಲದೆ ಹೋದೀತು ಎಂಬ ಆತಂಕವೂ ಮೊದಲಿನ ಸಲಹೆಯೊಳಗೆ ಇತ್ತು. ಅದನ್ನು ಅಂದೇ ಬಿಚ್ಚಿ ಹೇಳಿದ್ದರೆ ಜನ ಅರ್ಥ ಮಾಡಿಕೊಳ್ಳುತ್ತಿದ್ದರು ಎಂದೇ ನನಗೆ ಅನ್ನಿಸುತ್ತದೆ. ಒಂದು ತಿಂಗಳಲ್ಲಿ ಮಾತು ತಿರುಗಿದಾಗ ಕಳೆದುಹೋದ ನಂಬಿಕೆ ಮತ್ತೆ ಪೂರ್ತಿ ಮರಳಲೇ ಇಲ್ಲ.

ಈಗ ನಿಮ್ಮ ಮುಖ್ಯ ಮಾತಿಗೆ ಬರೋಣ. ಭಯ ಇದ್ದವರು ಹಾಕಿಕೊಳ್ಳಲಿ ಎಂಬುದಕ್ಕೆ.

ನನ್ನ ಚಿಕ್ಕಮ್ಮನಿಗೆ ಎರಡೂ ಮೂತ್ರಪಿಂಡ ಕೆಲಸ ಮಾಡುವುದಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ರತಿ ಸಲ ನಾಲ್ಕು ಗಂಟೆ, ಒಂದು ಕೈಗೆ ಎರಡು ದಪ್ಪ ಸೂಜಿ ಚುಚ್ಚಿಕೊಂಡು ಆ ಕೈ ಅಲ್ಲಾಡಿಸದೆ ಮಲಗಿರಬೇಕು. ಕೋಣೆಯಲ್ಲಿ ಆರು ಹಾಸಿಗೆ, ಎಸಿ ಓಡುವುದರಿಂದ ಕಿಟಕಿ ಮುಚ್ಚಿರುತ್ತಾರೆ. 2020ರ ಬೇಸಿಗೆಯಲ್ಲಿ ಅವರನ್ನು ಕರೆದುಕೊಂಡು ಹೋಗುತ್ತಿದ್ದವನು ನಾನು. ನನ್ನ ಮುಖಕ್ಕೆ ಆಗ ದುಬಾರಿ ಬೆಲೆ ಕೊಟ್ಟು ತಂದ ಎನ್-95 ಇತ್ತು, ಮೂಗಿನ ಪಕ್ಕ ಬಿಲ್ಲೆಯಂಥ ಪ್ಲಾಸ್ಟಿಕ್ ವಾಲ್ವ್ ಇರುವಂಥದ್ದು. ಬಾಗಿಲಲ್ಲೇ ಸಿಸ್ಟರ್ ತಡೆದರು. "ಅಣ್ಣಾ, ಆ ಬಿಲ್ಲೆ ಎದುರು ಬೆರಳು ಹಿಡಿದು ಉಸಿರು ಬಿಡಿ" ಅಂದರು. ಬಿಟ್ಟೆ. ಬೆರಳಿಗೆ ಬೆಚ್ಚನೆ ಗಾಳಿ ತಾಗಿತು. "ಒಳಗೆ ತಗೊಳ್ಳುವಾಗ ಮುಚ್ಚುತ್ತೆ, ಹೊರಗೆ ಬಿಡುವಾಗ ತೆರೆಯುತ್ತೆ. ಇದು ನಿಮ್ಮನ್ನ ಕಾಯುತ್ತೆ, ಇವರನ್ನಲ್ಲ" ಎಂದು ಹೇಳಿ ನೀಲಿ ಬಣ್ಣದ ಮೂರು ಪದರದ ಮಾಸ್ಕ್ ಕೊಟ್ಟರು. ಆ ವರ್ಷ ಜುಲೈನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಎಲ್ಲ ರಾಜ್ಯಗಳಿಗೂ ಇದೇ ಮಾತು ಬರೆದರು: ವಾಲ್ವ್ ಇರುವ ಮಾಸ್ಕ್ ವೈರಸ್ ಹೊರಬರುವುದನ್ನು ತಡೆಯುವುದಿಲ್ಲ, ಜನ ಅದನ್ನು ಬಳಸದಂತೆ ನೋಡಿಕೊಳ್ಳಿ ಎಂದು.

ಆ ಬಿಲ್ಲೆಯಿಂದ ಹೊರಬಂದ ಗಾಳಿ ನನ್ನ ಬೆರಳಿಗೆ ತಾಗಿದ್ದು ನನಗೆ ಇವತ್ತಿಗೂ ನೆನಪಿದೆ. ಮಾಸ್ಕ್ ಹಾಕಿಕೊಂಡೇ ನಾನು ಆ ಆರು ಜನರ ವಿಷಯದಲ್ಲಿ ಮಾಸ್ಕ್ ಹಾಕದವನಾಗಿದ್ದೆ. ಅವರಲ್ಲಿ ಒಬ್ಬರೂ ಎದ್ದು ಹೋಗುವಂತಿರಲಿಲ್ಲ.

ನಾನು ಈ ಪ್ರಶ್ನೆಯನ್ನು ಅಳೆಯುವುದು ಅದರಿಂದಲೇ. ನನ್ನ ಮುಂದಿರುವವರು ಎದ್ದು ಹೋಗಬಲ್ಲರೇ? ಪಾರ್ಕಿನಲ್ಲಿ ನಿಮ್ಮ ಪಕ್ಕ ಕೂತವರು ಹೋಗಬಲ್ಲರು. ಬಸ್ ಕಂಡಕ್ಟರ್ ಹೋಗಲಾರರು, ದಿನಕ್ಕೆ ನೂರಾರು ಜನರ ಮುಖದ ಹತ್ತಿರ ನಿಂತು ಟಿಕೆಟ್ ಹರಿಯಲೇಬೇಕು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಅಕ್ಕಿ ಬೇಕು. ಮೆಡಿಕಲ್ ಶಾಪಿನ ಕೌಂಟರಿನ ಹಿಂದಿನ ಹುಡುಗಿಗೆ ಸಂಬಳ ಬೇಕು. ಭಯ ಇದ್ದವರು ಮನೆಯಲ್ಲಿರಲಿ ಎನ್ನುವ ಮಾತು ಇವರ ಯಾರ ಬದುಕಿಗೂ ಹೊಂದುವುದಿಲ್ಲ.

ಶಸ್ತ್ರಕ್ರಿಯೆಯ ಕೋಣೆಗೆ ಮಾಸ್ಕ್ ಬಂದದ್ದೂ ಎದ್ದು ಹೋಗಲಾರದವರ ಸಲುವಾಗಿಯೇ. 1890ರ ದಶಕದಲ್ಲಿ ಬ್ರೆಸ್ಲಾವ್ ನಗರದಲ್ಲಿ (ಈಗ ಅದು ಪೋಲೆಂಡಿನಲ್ಲಿದೆ) ಕಾರ್ಲ್ ಫ್ಲ್ಯೂಗೆ ಎಂಬ ವಿಜ್ಞಾನಿ, ಕೆಮ್ಮದೆ ಸೀನದೆ ಬರೀ ಮಾತಾಡಿದರೂ ಬಾಯಿಯಿಂದ ರೋಗಾಣು ಹೊತ್ತ ಹನಿಗಳು ಹಾರುತ್ತವೆ ಎಂದು ತೋರಿಸಿದ. ಅದೇ ಊರಿನ ಶಸ್ತ್ರವೈದ್ಯ ಯೋಹಾನ್ ಮಿಕುಲಿಚ್ 1897ರಲ್ಲಿ ಬಾಯಿ ಮೂಗಿಗೆ ತೆಳು ಬಟ್ಟೆ ಕಟ್ಟಿಕೊಂಡು ಚಾಕು ಹಿಡಿಯತೊಡಗಿದ. ಬಟ್ಟೆ ಇದ್ದದ್ದು ವೈದ್ಯರ ಮುಖಕ್ಕೆ, ಕಾಪಾಡಿದ್ದು ಮೇಜಿನ ಮೇಲೆ ಮಲಗಿದವರನ್ನು. ಇನ್ನೂ ಹಳೆಯ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಶ್ವೇತಾಂಬರ ಜೈನರಲ್ಲಿ ಸ್ಥಾನಕವಾಸಿ ಮತ್ತು ತೇರಾಪಂಥಿ ಮುನಿಗಳು ಬಾಯಿಗೆ ಕಟ್ಟಿಕೊಳ್ಳುವ ಬಿಳಿ ಮುಹಪತ್ತಿ, ತಮ್ಮ ಉಸಿರಿನಿಂದ ಗಾಳಿಯಲ್ಲಿರುವ ಸಣ್ಣ ಜೀವಕ್ಕೂ ನೋವಾಗಬಾರದು ಎಂದು. ಅಲ್ಲಿ ಯಾರೂ ಜೀವಿಗಳೇ ದೂರ ಹೋಗಲಿ ಎನ್ನುವುದಿಲ್ಲ.

ಬಾಯಿಯ ಹತ್ತಿರವೇ ತಡೆಯುವುದಕ್ಕೆ ಇನ್ನೊಂದು ಕಾರಣವಿದೆ, ಅದು ಬರೀ ಭೌತಶಾಸ್ತ್ರ. ಬಾಯಿ ಬಿಟ್ಟು ಹೊರಟ ಕ್ಷಣದಲ್ಲಿ ಹನಿ ದೊಡ್ಡದಿರುತ್ತದೆ, ಸಾಧಾರಣ ಬಟ್ಟೆಗೂ ಸಿಕ್ಕಿಬೀಳುತ್ತದೆ. ಹೊರಗೆ ಬಂದಮೇಲೆ ಅದರ ನೀರು ಆರಿ ಹನಿ ಸಣ್ಣದಾಗುತ್ತದೆ, ಊದುಬತ್ತಿಯ ಹೊಗೆಯಂತೆ ಕೋಣೆಯಲ್ಲಿ ತೇಲುತ್ತದೆ. ಆಮೇಲೆ ಅದನ್ನು ಹಿಡಿಯಲು ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಬೇಕು. ಅಂಥ ಮಾಸ್ಕ್ ಹಾಕಿಕೊಂಡವರನ್ನು ಅದು ಚೆನ್ನಾಗಿಯೇ ಕಾಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಂಟು ಗಂಟೆ ಅದನ್ನು ತೆಗೆಯದೆ ಕೆಲಸ ಮಾಡಿ ನೋಡಿದವರಿಗೆ ಗೊತ್ತು. ನೀರು ಕುಡಿಯಬೇಕು, ಮಾತ್ರೆ ನುಂಗಬೇಕು, ಊಟ ಮಾಡಬೇಕು. ಹಾಕಿಕೊಳ್ಳಲೇ ಆಗದ ಮಕ್ಕಳಿದ್ದಾರೆ.

ಬಸ್ಸಿನಲ್ಲಿ ಬೀಡಿ ಸೇದುವುದನ್ನು ನಾವು ಹೇಗೆ ನಿಲ್ಲಿಸಿದೆವು ನೆನಪಿಸಿಕೊಳ್ಳಿ. ನನ್ನ ಬೀಡಿ ನನ್ನಿಷ್ಟ, ಹೊಗೆ ಆಗದವರು ಮೂಗು ಮುಚ್ಚಿಕೊಳ್ಳಲಿ ಎಂಬ ವಾದ ನನ್ನ ಬಾಲ್ಯದಲ್ಲಿ ಬಸ್ಸುಗಳಲ್ಲಿ ನಿಜಕ್ಕೂ ಕೇಳುತ್ತಿತ್ತು. 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮ ಬಿಗಿಯಾಯಿತು. ಇವತ್ತು ಬಸ್ಸಿನೊಳಗೆ ಬೀಡಿ ಹಚ್ಚಿದರೆ ಡ್ರೈವರ್ ಬೇಡ, ಹಿಂದಿನ ಸೀಟಿನ ಅಜ್ಜಿಯೇ ಬೈದು ಇಳಿಸುತ್ತಾರೆ. ಯಾರ ಸ್ವಾತಂತ್ರ್ಯ ಹೋಯಿತು ಎಂದೂ ಯಾರೂ ಕೇಳುವುದಿಲ್ಲ.

ಅಷ್ಟಕ್ಕೂ ಮಾಸ್ಕ್ ಕೆಲಸ ಮಾಡಿತೇ ಎಂದು ನೀವು ಕೇಳಬಹುದು. ಕೆಲಸ ಮಾಡದ ಬಟ್ಟೆಯನ್ನು ಕಟ್ಟಿಕೊಳ್ಳುವ ಹೊಣೆ ಯಾರಿಗೂ ಇರುವುದಿಲ್ಲ, ಹಾಗಾಗಿ ಇದು ಕೇಳಲೇಬೇಕಾದ ಪ್ರಶ್ನೆ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಸುಮಾರು 3.4 ಲಕ್ಷ ವಯಸ್ಕರ ನಡುವೆ 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧ ಹಳ್ಳಿಗಳಲ್ಲಿ ಮಾಸ್ಕ್ ಹಂಚಿ, ಹಾಕಿಕೊಳ್ಳುವಂತೆ ಪ್ರೋತ್ಸಾಹಿಸಿದರು. ಸರಿಯಾಗಿ ಮಾಸ್ಕ್ ಹಾಕುವವರ ಪ್ರಮಾಣ ಉಳಿದ ಹಳ್ಳಿಗಳಲ್ಲಿ ಶೇ 13 ಇದ್ದರೆ ಅಲ್ಲಿ ಶೇ 42 ಇತ್ತು. ಲಕ್ಷಣದ ಜತೆ ರಕ್ತಪರೀಕ್ಷೆಯಲ್ಲೂ ಖಚಿತವಾದ ಸೋಂಕು ಒಟ್ಟಾರೆ ಶೇ 9ರಷ್ಟು, ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಶೇ 11ರಷ್ಟು ಕಡಿಮೆಯಾಯಿತು. ಆ ಸರ್ಜಿಕಲ್ ಮಾಸ್ಕಿನ ಹಳ್ಳಿಗಳ 60 ದಾಟಿದವರಲ್ಲಿ ಇಳಿಕೆ ಶೇ 35ರಷ್ಟು. ಬಟ್ಟೆ ಮಾಸ್ಕಿನ ಹಳ್ಳಿಗಳಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಅರ್ಧದಷ್ಟು ಜನರೂ ಹಾಕದಿದ್ದಾಗ ಬಂದ ಫಲ ಇದು. ಡೆನ್ಮಾರ್ಕಿನ ಅಧ್ಯಯನವೊಂದು ಮಾಸ್ಕಿನಿಂದ ಲಾಭ ಖಚಿತವಾಗಲಿಲ್ಲ ಎಂದದ್ದನ್ನು ಬಹಳ ಜನ ಹೇಳುತ್ತಾರೆ. ಆದರೆ ಅದು ನೋಡಿದ್ದು ಹಾಕಿಕೊಂಡವರಿಗೆ ಸೋಂಕು ತಗುಲಿತೇ ಎಂಬುದನ್ನು ಮಾತ್ರ, ಅವರ ಎದುರಿದ್ದವರಿಗೆ ಏನಾಯಿತು ಎಂಬುದನ್ನಲ್ಲ. ಲಾಭ ದೊಡ್ಡದೇನಲ್ಲ ಎಂದು ನೀವು ಹೇಳಿದರೆ ಒಪ್ಪುತ್ತೇನೆ. ಆದರೆ ಕೊಡಬೇಕಾದ ಬೆಲೆಯೂ ಒಂದು ತುಂಡು ಬಟ್ಟೆ, ಸ್ವಲ್ಪ ಸೆಕೆ.

ಕೆಲವರಿಗೆ ಆ ಬೆಲೆ ಸಣ್ಣದಾಗಿರಲಿಲ್ಲ. ತುಟಿ ನೋಡಿ ಮಾತು ಹಿಡಿಯುವ ಕಿವುಡರಿಗೆ ಇಡೀ ಊರು ಒಂದೇ ದಿನ ಮೂಕವಾದಂತಾಯಿತು. ಅವರ ಜತೆ ಮಾತಾಡುವಾಗ ದೂರ ನಿಂತು ಮಾಸ್ಕ್ ಇಳಿಸಿದವರು ತಪ್ಪು ಮಾಡಲಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಉಸಿರಾಟದ ತೀವ್ರ ತೊಂದರೆ ಇರುವವರು, ಮುಖದ ಮೇಲೆ ಬಟ್ಟೆ ಸಹಿಸದ ಆಟಿಸಂ ಇರುವ ಮಕ್ಕಳು, ಇವರ ಪಾಲಿನ ಹೊಣೆಯನ್ನು ಸುತ್ತ ಇದ್ದವರು ಹೊರಬೇಕಿತ್ತು. ಹಾಗಾಗಿ ಮಾಸ್ಕ್ ಇಲ್ಲದ ಅಪರಿಚಿತರನ್ನು ಕಂಡ ಕೂಡಲೇ ಬೈಯುವುದನ್ನು ನಾನು ಒಪ್ಪುವುದಿಲ್ಲ.

ದಂಡದ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. 2020ರ ಸೆಪ್ಟೆಂಬರ್ ಕೊನೆಗೆ ಕರ್ನಾಟಕ ಸರ್ಕಾರ ದಂಡವನ್ನು ನಗರಗಳಲ್ಲಿ 1000, ಹಳ್ಳಿಗಳಲ್ಲಿ 500 ರೂಪಾಯಿಗೆ ಏರಿಸಿತು. ಆ ವರ್ಷ ನರೇಗಾ ಕೂಲಿ ದಿನಕ್ಕೆ 275 ರೂಪಾಯಿ. ಮೂಗಿನಿಂದ ಬಟ್ಟೆ ಜಾರಿದ್ದಕ್ಕೆ ಹಳ್ಳಿಯಲ್ಲೂ ಸುಮಾರು ಎರಡು ದಿನದ ಕೂಲಿ! ಜನ ರೊಚ್ಚಿಗೆದ್ದ ಮೇಲೆ ಒಂದೇ ವಾರದಲ್ಲಿ ಅದನ್ನು 250 ಮತ್ತು 100ಕ್ಕೆ ಇಳಿಸಿದರು. ಅದೇ ಹೊತ್ತಿಗೆ ರಾಜಕೀಯ ಸಭೆಗಳಲ್ಲಿ ವೇದಿಕೆಯ ಮೇಲಿದ್ದವರ ಮುಖಗಳು ಖಾಲಿ ಇದ್ದವು, ಹೈಕೋರ್ಟ್ ಅದನ್ನು ಪ್ರಶ್ನಿಸಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತರಕಾರಿ ಗಾಡಿಯವನೇ ಎಲ್ಲ ಕಡೆ ಸಿಕ್ಕಿಬಿದ್ದ. ಗುಜರಾತಿನಲ್ಲಿ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಮಾಸ್ಕ್ ಹಾಕದವರನ್ನು ಕೋವಿಡ್ ಕೇಂದ್ರಗಳಲ್ಲಿ ಸೇವೆಗೆ ಹಚ್ಚಿ ಎಂದಿತು. ಮಾರನೆಯ ದಿನವೇ, 2020ರ ಡಿಸೆಂಬರ್ 3ರಂದು, ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸರಿಯಾಗಿಯೇ ಇತ್ತು. ಮಾಸ್ಕ್ ಹಾಕದ ತಪ್ಪಿಗೆ ಯಾರನ್ನೂ ಸೋಂಕಿನ ಬಾಯಿಗೆ ತಳ್ಳುವಂತಿಲ್ಲ.

ಬಾಂಗ್ಲಾದೇಶದ ಆ ಪ್ರಯೋಗದಲ್ಲಿ ದಂಡ ಹಾಕಿರಲಿಲ್ಲ. ಮನೆಬಾಗಿಲಿಗೆ ಪುಕ್ಕಟೆ ಮಾಸ್ಕ್ ತಲುಪಿಸಿದರು, ಮಸೀದಿ ಸಂತೆಗಳಲ್ಲೂ ಹಂಚಿದರು, ಇಮಾಮರೂ ಊರ ಹಿರಿಯರೂ ತಾವೇ ಹಾಕಿಕೊಂಡು ತೋರಿಸಿದರು. ಮರೆತು ಬಂದವರನ್ನು ದಾರಿಯಲ್ಲಿ ನಿಲ್ಲಿಸಿ ಮೆಲ್ಲಗೆ ನೆನಪಿಸಿ ಕೈಗೊಂದು ಕೊಟ್ಟರು. ಮುಂದಿನ ಸಲ ನಮ್ಮ ಸರ್ಕಾರ ಮೊದಲು ಮಾಡಬೇಕಾದ ಕೆಲಸ ಇದು. ಕೊಡದೆ ಕೇಳುವ ಹಕ್ಕು ಅದಕ್ಕಿಲ್ಲ. ಹಾಗೆಂದು, ಸರ್ಕಾರ ಕೊಡಲಿಲ್ಲ ಎಂಬುದು ಕೊಂಡುಕೊಳ್ಳಬಲ್ಲ ನಿಮಗೂ ನನಗೂ ನೆಪವಾಗುವುದಿಲ್ಲ.

ಇನ್ನೊಂದು ಸಾಂಕ್ರಾಮಿಕ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ನೆಗಡಿ ಜ್ವರ ಇದ್ದೂ ಆಸ್ಪತ್ರೆಗೋ ತುಂಬಿದ ಬಸ್ಸಿಗೋ ಹೋಗಲೇಬೇಕಾದ ದಿನ ಒಂದು ಸರ್ಜಿಕಲ್ ಮಾಸ್ಕ್ ಹಾಕಿಕೊಳ್ಳಿ, ಮೂಗಿನ ತಂತಿ ಒತ್ತಿ ಕೂರಿಸಿ, ಮಾತಾಡುವಾಗ ಗದ್ದಕ್ಕೆ ಇಳಿಸಬೇಡಿ. ಚಿಕ್ಕಮ್ಮ ಈಗಲೂ ಡಯಾಲಿಸಿಸ್‌ಗೆ ಬಸ್ಸಿನಲ್ಲೇ ಹೋಗುತ್ತಾರೆ. ಚೀಲದಲ್ಲಿ ತಮ್ಮದೊಂದಲ್ಲದೆ ಇನ್ನೂ ನಾಲ್ಕು ಮಾಸ್ಕ್ ಇರುತ್ತವೆ. ಪಕ್ಕ ಕೂತವರು ಕೆಮ್ಮಿದರೆ "ತಗೋಳಪ್ಪ, ಹೊಸದು, ಕವರ್ ಒಡೆದಿಲ್ಲ" ಎಂದು ಕೊಡುತ್ತಾರೆ. ಬಹಳಷ್ಟು ಜನ ಇಸಿದುಕೊಂಡು ಹಾಕಿಕೊಳ್ಳುತ್ತಾರೆ. ಬೇಡ ಎಂದವರ ಪಕ್ಕದಿಂದ ಎದ್ದು, ಸೂಜಿ ಚುಚ್ಚುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಇಳಿಯುವವರೆಗೆ ಬಾಗಿಲ ಹತ್ತಿರ ನಿಂತಿರುತ್ತಾರೆ.