ಕರೆಂಟು ಬದಲಾದೀತು, ತಂತಿ ಬದಲಾಗದು

ತೊಗರಿ ಸುಗ್ಗಿ ಹತ್ತಿರ ಬಂದಂತೆ ಕಲಬುರಗಿಯ ದಾಲ್ ಮಿಲ್ ಮಾಲೀಕರು ಕೇಳುವ ಪ್ರಶ್ನೆ ಒಂದೇ: “ಬ್ಯಾರೆ ಕಂಪನಿ ಕರೆಂಟ್ ತಗೊಂಡ್ರ ಲೈಟ್ ಹೋಗಂಗಿಲ್ಲಲ್ರಿ?”

ಹೋಗುತ್ತದೆ. ಮೊದಲು ಎಷ್ಟು ಹೊತ್ತು ಹೋಗುತ್ತಿತ್ತೋ ಅಷ್ಟೇ ಹೊತ್ತು ಹೋಗುತ್ತದೆ. ಓಪನ್ ಆಕ್ಸೆಸ್ (ಇರುವ ತಂತಿಯಲ್ಲೇ ಬೇರೆ ಕಂಪನಿಯ ಕರೆಂಟು ಕೊಳ್ಳುವ ವ್ಯವಸ್ಥೆ) ಮಾರಲು ಬರುವ ಏಜೆಂಟರು ಈ ಮಾತನ್ನು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಕಾಲುವೆಯನ್ನು ನೆನೆಸಿಕೊಳ್ಳಿ. ಮೇಲ್ಗಡೆ ಯಾರೋ ನಿಮ್ಮ ಹೆಸರಿನಲ್ಲಿ ಕಾಲುವೆಗೆ ನೀರು ಬಿಡುತ್ತಾರೆ, ನೀವು ನಿಮ್ಮ ತೂಬಿನಲ್ಲಿ ಅಷ್ಟು ನೀರು ಪಡೆಯುತ್ತೀರಿ. ನಿಮಗೆ ಬಂದ ನೀರು ಅವರು ಬಿಟ್ಟದ್ದೇ ಆಗಿರಬೇಕಿಲ್ಲ. ಲೆಕ್ಕ ಸರಿಹೋದರೆ ಸಾಕು. ಆದರೆ ನಡುವೆ ಕಾಲುವೆ ಒಡೆದರೆ ನಿಮ್ಮ ಹೊಲ ಒಣಗುತ್ತದೆ, ನೀರು ಯಾರದ್ದಾದರೂ ಸರಿ. ವಿದ್ಯುತ್ತಿನ ಕತೆಯೂ ಹೀಗೆಯೇ. ಯೂನಿಟ್ ಮಾರುವವನು ಬೇರೆಯಾಗುತ್ತಾನೆ. ಸಬ್‌ಸ್ಟೇಷನ್‌ನಿಂದ ನಿಮ್ಮ ಕಡೆ ಬರುವ 11 ಕೆವಿ ಫೀಡರ್ ಲೈನು, ಕಂಬ, ಲೈನ್‌ಮ್ಯಾನ್ ಎಲ್ಲ ಇಲ್ಲಿಯ ಸರ್ಕಾರಿ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನದ್ದೇ. ಗಾಳಿ ಮಳೆಗೆ ಜಂಪರ್ (ಕಂಬದ ಮೇಲಿನ ಜೋಡಣೆ ತಂತಿ) ಕತ್ತರಿಸಿದರೆ ಬೇರೆ ಕಂಪನಿ ಕರೆಂಟು ಕೊಂಡ ಕಪನೂರಿನ ಮಿಲ್ಲೂ ನಿಲ್ಲುತ್ತದೆ, ಪಕ್ಕದ ಮಿಲ್ಲೂ ನಿಲ್ಲುತ್ತದೆ. ಇನ್ನೂ ಒಂದು ನಷ್ಟವಿದೆ. ನಿಮ್ಮ ಫೀಡರ್ ಸತ್ತ ಹೊತ್ತಿನಲ್ಲೂ ನೀವು ಕರೆಂಟು ಕೊಂಡ ಸೋಲಾರ್ ಘಟಕ ನಿಮ್ಮ ಹೆಸರಿನಲ್ಲಿ ಗ್ರಿಡ್ಡಿಗೆ (ತಂತಿಗಳ ಜಾಲಕ್ಕೆ) ಯೂನಿಟ್ ಬಿಡುತ್ತಲೇ ಇರುತ್ತದೆ. ಬ್ಯಾಂಕಿಂಗ್ (ಬಳಸದ ಯೂನಿಟ್ ಆಮೇಲೆ ಪಡೆಯುವ) ಸೌಲಭ್ಯ ಒಪ್ಪಂದದಲ್ಲಿ ಇಲ್ಲದಿದ್ದರೆ ಆ ಯೂನಿಟ್‌ಗಳ ಹಣವೂ ಹೋಯಿತೆಂದೇ ತಿಳಿಯಿರಿ.

(ಚಾವಣಿ ಮೇಲಿನ ಸೋಲಾರ್‌ಗೂ ಇದೇ ತಪ್ಪು ತಿಳಿವಳಿಕೆ ಇದೆ. ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಜೋಡಿಸಿದ (ಗ್ರಿಡ್-ಟೈ) ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಲ್ಲಬೇಕು. ಕಂಬದ ಮೇಲಿರುವ ಲೈನ್‌ಮ್ಯಾನ್‌ನ ಜೀವ ಉಳಿಸಲು ಮಾಡಿದ ವ್ಯವಸ್ಥೆ ಅದು.)

ಪವರ್ ಕಟ್ ನಿಮ್ಮ ನಿಜವಾದ ತೊಂದರೆಯಾದರೆ ಮದ್ದು ಬೇರೆ. ಸಬ್‌ಸ್ಟೇಷನ್‌ನಿಂದ ನಿಮ್ಮ ಫೀಡರಿನ ಕಳೆದ 12 ತಿಂಗಳ ಅಡಚಣೆಯ ದಾಖಲೆ ಕೇಳಿ. ನಾಲ್ಕೈದು ಮಿಲ್‌ಗಳು ಸೇರಿ ಎಕ್ಸ್‌ಪ್ರೆಸ್ ಫೀಡರಿಗೆ (ನಿಮಗಷ್ಟೇ ಎಳೆಯುವ ಬೇರೆ ಲೈನಿಗೆ) ಅಂದಾಜುಪಟ್ಟಿ ಮಾಡಿಸಿ. ಖರ್ಚು ದೊಡ್ಡದು, ಆದರೆ ಖರ್ಚು ಮಾಡಿದ್ದಕ್ಕೆ ಫಲ ಅಲ್ಲಿದೆ.

ಇನ್ನು ದರದ ಮಾತು. ಏಜೆಂಟರು 4 ರೂಪಾಯಿಗೆ ಯೂನಿಟ್ ಎನ್ನುತ್ತಾರೆ. ಮಾಲೀಕರು ಇಡೀ ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ 9 ರೂಪಾಯಿ ಎನ್ನುತ್ತಾರೆ. ಯೂನಿಟ್‌ಗೆ 5 ರೂಪಾಯಿ ಉಳಿತಾಯವೆಂದು ಅಲ್ಲೇ ಸಹಿ ಬೀಳುತ್ತದೆ. ಉದಾಹರಣೆಗೆಂದು ಹಿಡಿದ ಈ ಅಂಕಿಗಳನ್ನು ನೋಡಿ. ತಿಂಗಳಿಗೆ 40,000 ಯೂನಿಟ್, ಡಿಮಾಂಡ್ ಚಾರ್ಜ್ (ಕಾದಿರಿಸಿದ ಲೋಡಿಗೆ ಕಟ್ಟುವ ಶುಲ್ಕ) 80,000 ರೂಪಾಯಿ, ಯೂನಿಟ್ ಬಾಬತ್ತು 2,80,000 ರೂಪಾಯಿ. ಒಟ್ಟು 3,60,000, ಅಂದರೆ ಯೂನಿಟ್‌ಗೆ 9. ಆದರೆ ಜೆಸ್ಕಾಂ ಜೊತೆಗಿನ ಕಾಂಟ್ರಾಕ್ಟ್ ಡಿಮಾಂಡ್ (ಆ ಕಾದಿರಿಸಿದ ಲೋಡು) ಉಳಿಸಿಕೊಳ್ಳುವವರೆಗೆ ಡಿಮಾಂಡ್ ಚಾರ್ಜ್ ತಪ್ಪದು. ಹಾಗಾದರೆ ಹೋಲಿಸಬೇಕಾದದ್ದು 9 ಅಲ್ಲ, 7.

ಆ ಕಡೆಯ 4 ರೂಪಾಯಿಯೂ 4 ಆಗಿ ಉಳಿಯುವುದಿಲ್ಲ. ದಾರಿಯಲ್ಲಿ ಶೇ. 10 ಸೋರಿಕೆ ಎಂದು ಹಿಡಿದರೆ ನಿಮ್ಮ ಮೀಟರಿನಲ್ಲಿ 100 ಯೂನಿಟ್ ಬೀಳಲು ಅಲ್ಲಿ 111 ಯೂನಿಟ್ ಕೊಳ್ಳಬೇಕು, 110 ಸಾಲದು. ದರ 4.44 ಆಯಿತು. ಸಾಗಣೆ ಮತ್ತು ವ್ಹೀಲಿಂಗ್ (ತಂತಿಯ ಬಾಡಿಗೆ) 1 ರೂಪಾಯಿ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಬೇರೆಯವರಿಗೆ ಕೊಡುವ ಅಗ್ಗದ ಕರೆಂಟಿನ ಹೊರೆಗೆಂದು ಹೊರಗಿನ ಕರೆಂಟು ಕೊಳ್ಳುವವರ ಮೇಲೆ ಹಾಕುವ ಶುಲ್ಕ) 1.50 ಇರಲಿ. ಮೊತ್ತ 6.94. ಯೂನಿಟ್‌ಗೆ 6 ಪೈಸೆ, ತಿಂಗಳಿಗೆ 2,400 ರೂಪಾಯಿ ಉಳಿಯಿತು. ಯೂನಿಟ್‌ಗೆ 5ರಂತೆ ತಿಂಗಳಿಗೆ ಎರಡು ಲಕ್ಷದ ಕನಸು ಇಷ್ಟಕ್ಕೆ ಬಂತು. 15 ನಿಮಿಷಕ್ಕೊಮ್ಮೆ ದಾಖಲಿಸುವ ಎಬಿಟಿ ಮೀಟರ್, ಅದಕ್ಕೆ ತಕ್ಕ ಸಿಟಿ-ಪಿಟಿ (ಮೀಟರಿಗೆ ಕರೆಂಟು, ವೋಲ್ಟೇಜ್ ಇಳಿಸಿಕೊಡುವ ಉಪಕರಣ), ತೆರಿಗೆ ಇವನ್ನೆಲ್ಲ ಇನ್ನೂ ಸೇರಿಸಿಲ್ಲ. ನಿಮ್ಮ ವರ್ಗಕ್ಕೆ ಕೆಇಆರ್‌ಸಿ (ದರ ನಿಗದಿ ಮಾಡುವ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆ ವರ್ಷ ಆದೇಶಿಸಿದ ದರಗಳನ್ನು ಹಾಕಿ ಈ ಲೆಕ್ಕವನ್ನು ನೀವೇ ಮಾಡಿ. ಬೇರೆ ಬೇರೆ ಮಿಲ್‌ಗೆ ಬೇರೆ ಬೇರೆ ಉತ್ತರ ಬರುತ್ತದೆ; ವರ್ಷವಿಡೀ ಹಗಲು ಓಡುವ ದೊಡ್ಡ ಘಟಕಕ್ಕೆ ಲಾಭ ಕಾಣಬಹುದು.

ದಾಲ್ ಮಿಲ್‌ಗೆ ವಿಶೇಷ ಅಪಾಯವಿರುವುದು ಕನಿಷ್ಠ ಖರೀದಿಯ ಷರತ್ತಿನಲ್ಲಿ, ಅಂದರೆ ಬಳಸಿದರೂ ಬಿಟ್ಟರೂ ಇಷ್ಟು ಯೂನಿಟ್‌ಗೆ ಹಣ ಕಟ್ಟಬೇಕೆಂಬ ಸಾಲಿನಲ್ಲಿ. ಮಾಲು ಬರುವ ತಿಂಗಳುಗಳಲ್ಲಿ ಮೂರು ಪಾಳಿ, ಮಳೆಗಾಲದಲ್ಲಿ ಬೀಗ. ಒಪ್ಪಂದ ಮಾತ್ರ 12 ತಿಂಗಳಿಗೂ ಒಂದೇ ಸಮ. ಗ್ರೂಪ್ ಕ್ಯಾಪ್ಟಿವ್ (ಹಲವು ಬಳಕೆದಾರರು ಸೇರಿ ಪಾಲು ಹೊಂದಿರುವ ಉತ್ಪಾದನಾ ಘಟಕ) ಆದರೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಇಲ್ಲ, ನಿಜ. ಆದರೆ 2005ರ ನಿಯಮದಂತೆ ಘಟಕದ ಮಾಲೀಕತ್ವದಲ್ಲಿ ಬಳಕೆದಾರರ ಪಾಲು ಕನಿಷ್ಠ ಶೇ. 26 ಇರಬೇಕು, ವರ್ಷದ ಉತ್ಪಾದನೆಯ ಕನಿಷ್ಠ ಶೇ. 51ನ್ನು ಅವರೇ ಬಳಸಬೇಕು, ಅದೂ ಷೇರಿನ ಪ್ರಮಾಣಕ್ಕೆ ತಕ್ಕಂತೆ. ಮಳೆಗಾಲವಿಡೀ ಬೀಗ ಹಾಕುವ ಮಿಲ್ ಇಲ್ಲಿ ಎಡವಿದರೆ ವರ್ಷದ ಸರ್‌ಚಾರ್ಜ್ ಒಟ್ಟಿಗೆ ಬಂದು ಬೀಳುತ್ತದೆ.

ಅರ್ಹತೆಯ ವಿಷಯದಲ್ಲಿ ಎಚ್ಚರವಿರಲಿ. 2003ರ ವಿದ್ಯುತ್ ಕಾಯ್ದೆ 1 ಮೆಗಾವ್ಯಾಟ್ ಮೀರಿದವರಿಗೆ ಬಾಗಿಲು ತೆರೆಯಿತು. ಕೇಂದ್ರದ 2022ರ ಹಸಿರು ಇಂಧನ ನಿಯಮಗಳು ಸೋಲಾರ್‌ನಂಥ ಹಸಿರು ಇಂಧನಕ್ಕೆ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮಗಳನ್ನು ರದ್ದುಪಡಿಸಿತು. ಸಹಿ ಹಾಕುವ ದಿನ ನಿಮ್ಮ ಲೋಡಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ವಕೀಲರಿಂದ ಬರಹದಲ್ಲಿ ಪಡೆಯಿರಿ. ಸರ್‌ಚಾರ್ಜ್ ಏರಿದರೆ ಭಾರ ಯಾರದ್ದು ಎಂಬ ಸಾಲೂ ಒಪ್ಪಂದದಲ್ಲಿ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಗ್ರಾಹಕನಿಗೆ ಆಯ್ಕೆ ಬೇಕೇ ಬೇಕು. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಪರ್ಮಿಟ್-ಲೈಸೆನ್ಸ್ ರಾಜ್ (ಎಲ್ಲಕ್ಕೂ ಸರ್ಕಾರದ ಅನುಮತಿ ಬೇಕೆನ್ನುವ ಪದ್ಧತಿ) ವಿರುದ್ಧ ಹೂಡಿದ ವಾದ ವಿದ್ಯುತ್ತಿಗೂ ಸಲ್ಲುತ್ತದೆ. ಆದರೆ ತಂತಿ ಒಬ್ಬರದ್ದೇ ಇರುವಾಗ ಪೈಪೋಟಿ ಯೂನಿಟ್ ಮಾರಾಟದಲ್ಲಿ ಮಾತ್ರ ಸಾಧ್ಯ. ತಂತಿಯ ಬಾಡಿಗೆ ನ್ಯಾಯವಾಗಿ, ಎಲ್ಲರಿಗೂ ಕಾಣುವಂತೆ ನಿಗದಿಯಾಗಬೇಕು. ಟೆಕ್ಸಾಸ್‌ನಲ್ಲಿ 1999ರಲ್ಲಿ ಗವರ್ನರ್ ಆಗಿದ್ದ ಜಾರ್ಜ್ ಬುಷ್ ಸಹಿ ಹಾಕಿದ ಕಾನೂನಿನಂತೆ 2002ರಲ್ಲಿ ಮಾರಾಟಗಾರರ ಆಯ್ಕೆ ಬಂತು. ಅಲ್ಲಿಯೂ ತಂತಿ ಆಯಾ ಪ್ರದೇಶದ ಒಂದೇ ಕಂಪನಿಯದ್ದು, ಅದರ ದರಕ್ಕೆ ನಿಯಂತ್ರಣವಿದೆ. 2021ರ ಫೆಬ್ರವರಿಯ ಚಳಿಯಲ್ಲಿ ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿತು. ಸಗಟು ದರದಂತೆಯೇ ಬಿಲ್ ಕಟ್ಟಲು ಒಪ್ಪಿದ್ದ ಮನೆಗಳು ಸಾವಿರಾರು ಡಾಲರ್ ಬಿಲ್ ಕಂಡವು. ಎಕ್ಸ್‌ಚೇಂಜ್ (ವಿದ್ಯುತ್ತಿನ ಸಗಟು ಮಾರುಕಟ್ಟೆ) ದರಕ್ಕೆ ಕೈಹಾಕುವ ಮಿಲ್ ಮಾಲೀಕರು ಗರಿಷ್ಠ ಮಿತಿ ಬರೆಸದೆ ಸಹಿ ಹಾಕಬಾರದು.

ನಮ್ಮಲ್ಲಿ ಪೈಪೋಟಿಯನ್ನು ಹಿಡಿದು ನಿಲ್ಲಿಸಿರುವುದು ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್. ಮೂಲ ಕಾಯ್ದೆಯಲ್ಲಿ ಅದನ್ನು ಕ್ರಮೇಣ ತಗ್ಗಿಸಿ ತೆಗೆದುಹಾಕಬೇಕೆಂದಿತ್ತು. 2007ರ ತಿದ್ದುಪಡಿ ತೆಗೆದುಹಾಕುವ ಮಾತನ್ನೇ ಕೈಬಿಟ್ಟಿತು. ರೈತನ ಪಂಪ್‌ಸೆಟ್ಟಿಗೆ ನೆರವು ಬೇಡವೆಂದು ಯಾರೂ ಹೇಳುತ್ತಿಲ್ಲ, ತೊಗರಿ ಬೆಳೆಯುವವನೂ ಅವನೇ. ಆ ಹಣ ಕಾಯ್ದೆಯ 65ನೇ ಸೆಕ್ಷನ್ ಹೇಳುವಂತೆ ಸರ್ಕಾರದ ಬೊಕ್ಕಸದಿಂದ ಮುಂಗಡವಾಗಿ ಬರಲಿ, ಮಿಲ್ಲಿನ ಬಿಲ್ಲಿನೊಳಗೆ ಅಡಗಿ ಬರುವುದು ಬೇಡ. ಕೆಇಆರ್‌ಸಿ ದರ ಪರಿಷ್ಕರಣೆಯ ಮುನ್ನ ಆಕ್ಷೇಪಣೆ ಕರೆದಾಗ ಮಿಲ್ ಸಂಘಗಳು ಲಿಖಿತವಾಗಿ ಹೇಳಬೇಕಾದದ್ದು ಇದನ್ನೇ.

ಓಪನ್ ಆಕ್ಸೆಸ್‌ಗೆ ಹೋದವರು ಕಚೇರಿಯಲ್ಲಿ ಎರಡು ಫೈಲ್ ಇಡಿ. ಯೂನಿಟ್ ಲೆಕ್ಕ, ದರ, ಪೂರೈಕೆ ತಪ್ಪಿದ್ದು ಮಾರಾಟಗಾರರ ಫೈಲಿಗೆ. ಫೀಡರ್, ವೋಲ್ಟೇಜ್, ಮೀಟರ್ ದೂರು ಜೆಸ್ಕಾಂ ಉಪವಿಭಾಗಕ್ಕೆ, ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ, ಆಮೇಲೆ ವಿದ್ಯುತ್ ಓಂಬುಡ್ಸ್‌ಮನ್‌ಗೆ.